ಗೋಜೊ ದ್ವೀಪದ ಕೆಂಪು ಮರಳಿಗೆ ಹೊರಡುವ ಮುನ್ನ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಡಲು ಹೊಸತಲ್ಲ. ನಮ್ಮಲ್ಲಿ ಅನೇಕರು ಕರಾವಳಿಯಿಂದ ಬಂದವರು. ಬಯಲುಸೀಮೆಯಿಂದ ಬಂದವರೂ ಜುಹೂ, ಗೊರಾಯಿಗಳ ಮರಳಿನಲ್ಲಿ ಮಕ್ಕಳನ್ನು ಆಡಿಸಿ ಬೆಳೆಸಿದವರೇ. ಆದರೂ ಸಂಘದ ಕಾರ್ಯಕ್ರಮ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಾಗ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ಪ್ಯಾರಿಸ್ ಆಯಿತು, ಸ್ವಿಟ್ಜರ್ಲೆಂಡ್ ಆಯಿತು, ಇನ್ನು ಜನಜಂಗುಳಿಯಿಲ್ಲದ ಒಂದು ಕಡಲತೀರದಲ್ಲಿ ನಾಲ್ಕು ದಿನ ಸುಮ್ಮನೆ ಕುಳಿತು ಬರುವುದು ಎಲ್ಲಿ ಸಾಧ್ಯ? ಈ ಪ್ರಶ್ನೆಗೆ ನಮ್ಮ ಮನೆಯವರು ಕಂಡುಕೊಂಡ ಉತ್ತರ ಭೂಮಧ್ಯ ಸಮುದ್ರದ ಗೋಜೊ ದ್ವೀಪ. ಎರಡು ಬಾರಿ ಹೋಗಿ ಬಂದ ಅನುಭವದಿಂದ, ಹೊರಡುವವರು ಮೊದಲೇ ಆಲೋಚಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ, ಸುಮಾರು 90 ಕಿಲೋಮೀಟರ್ ದೂರದಲ್ಲಿ ಮಾಲ್ಟಾ ದೇಶವಿದೆ. ಇಡೀ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್ ಮಾತ್ರ. ಅಂದರೆ ನಮ್ಮ ಬೃಹನ್ಮುಂಬಯಿಗಿಂತಲೂ ಚಿಕ್ಕದು. ಜನವಸತಿಯಿರುವ ಅದರ ಎರಡನೆಯ ದೊಡ್ಡ ದ್ವೀಪವೇ ಗೋಜೊ. ಉದ್ದ 14 ಕಿಲೋಮೀಟರ್, ಅಗಲ 7 ಕಿಲೋಮೀಟರ್, ಜನಸಂಖ್ಯೆ ಸುಮಾರು 40 ಸಾವಿರ. ವಿಮಾನಗಳೆಲ್ಲ ಮಾಲ್ಟಾದ ಮುಖ್ಯ ದ್ವೀಪದಲ್ಲಿಯೇ ಇಳಿಯುತ್ತವೆ. ಅಲ್ಲಿಂದ ಉತ್ತರ ತುದಿಯ ಚಿರ್ಕೆವ್ವಾ ಬಂದರಿಗೆ ಬಂದು, ವಾಹನಗಳನ್ನೂ ಹೊತ್ತೊಯ್ಯುವ ಫೆರಿ ಹಡಗನ್ನು ಹತ್ತಿದರೆ ಇಪ್ಪತ್ತೈದು ನಿಮಿಷಗಳಲ್ಲಿ ಗೋಜೊದ ಇಮ್ಜಾರ್ ದಕ್ಕೆ. ರಾಜಧಾನಿ ವಲ್ಲೆಟ್ಟಾದಿಂದ ನೇರವಾಗಿ ಸಾಗುವ ವೇಗದ ದೋಣಿ ಸೇವೆಯೂ 2021ರಿಂದ ಇದೆ. ಆದರೆ ಅದರಲ್ಲಿ ವಾಹನಗಳಿಗೆ ಅವಕಾಶವಿಲ್ಲ.

ನಾವು ಹುಡುಕಿಕೊಂಡು ಹೋದದ್ದು ರಮ್ಲಾ ಲ್-ಹಮ್ರಾ ಎಂಬ ಕಡಲತೀರವನ್ನು. ಮಾಲ್ಟೀಸ್ ಭಾಷೆ ಅರಬಿ ಕುಲದ್ದು. ‘ರಮ್ಲಾ’ ಎಂದರೆ ಮರಳು, ‘ಹಮ್ರಾ’ ಎಂದರೆ ಕೆಂಪು. ಹೆಸರಿಗೆ ತಕ್ಕಂತೆ ಅಲ್ಲಿಯ ಮರಳು ಹೊಂಬಣ್ಣಕ್ಕಿಂತ ಒಂದಿಷ್ಟು ಹೆಚ್ಚೇ ಕೆಂಪು. ಎರಡು ಬೆಟ್ಟಗಳ ನಡುವೆ ಕೃಷಿಭೂಮಿಯ ಕಣಿವೆ, ಅದರ ಕೊನೆಯಲ್ಲಿ ಮರಳದಿಬ್ಬಗಳು, ಆಮೇಲೆ ಕಡಲು. ಮರಳಿನ ನಡುವೆ ಮಾತೆ ಮೇರಿಯ ಬಿಳಿಯ ಪ್ರತಿಮೆಯೊಂದಿದೆ. ಮರಳಿನ ಅಡಿಯಲ್ಲಿ ರೋಮನ್ ಕಾಲದ ಭವನವೊಂದರ ಅವಶೇಷಗಳಿವೆ. ಬೆಟ್ಟದ ಮೇಲಿನ ಗುಹೆಯೊಂದನ್ನು ಗ್ರೀಕ್ ಮಹಾಕವಿ ಹೋಮರನ ಕಾವ್ಯದ ಅಪ್ಸರೆ ಕ್ಯಾಲಿಪ್ಸೊ ಒಡಿಸ್ಯೂಸನನ್ನು ಏಳು ವರ್ಷ ಹಿಡಿದಿರಿಸಿಕೊಂಡ ತಾಣವೆಂದು ಸ್ಥಳೀಯರು ನಂಬುತ್ತಾರೆ. ಬಂಡೆ ಸಡಿಲಗೊಂಡದ್ದರಿಂದ ಗುಹೆಯನ್ನು ಮುಚ್ಚಲಾಗಿತ್ತು. ನಾವು ಮೇಲಿನ ಕಟ್ಟೆಯಿಂದ ಕಡಲನ್ನು ನೋಡಿ ತೃಪ್ತಿಪಟ್ಟೆವು. ಆ ನೋಟಕ್ಕೇ ಹೋದದ್ದು ಸಾರ್ಥಕವೆನಿಸಿತು.

ಈಗ ಮುಖ್ಯ ವಿಷಯ. ನಕಾಶೆಯಲ್ಲಿ ಬೆರಳಿಟ್ಟು ‘ಇದು ಪ್ರಶಾಂತವಾದ ಕಡಲತೀರ’ ಎಂದು ತೋರಿಸಲು ಬರುವುದಿಲ್ಲ. ಅದೇ ರಮ್ಲಾ ಆಗಸ್ಟ್ ತಿಂಗಳಲ್ಲಿ ಗಣೇಶ ವಿಸರ್ಜನೆಯ ದಿನದ ಚೌಪಾಟಿಯನ್ನು ನೆನಪಿಸುವಂತಿರುತ್ತದೆ. ಆಗಸ್ಟ್ 15 ಅಲ್ಲಿಯ ಜನರಿಗೆ ‘ಸಾಂತಾ ಮರಿಯಾ’ ಹಬ್ಬ. ಮಾಲ್ಟಾದವರೆಲ್ಲ ಸಂಸಾರ ಸಮೇತ ಗೋಜೊಕ್ಕೆ ದಾಟುವ ವಾರವದು. ಪಕ್ಕದ ಕೊಮಿನೊ ದ್ವೀಪದ ‘ಬ್ಲೂ ಲಗೂನ್’ ಎಂಬ ಸುಪ್ರಸಿದ್ಧ ತಾಣದಲ್ಲಿ ನೂಕುನುಗ್ಗಲು ಎಷ್ಟು ಮಿತಿಮೀರಿತೆಂದರೆ, 2025ರ ಬೇಸಿಗೆಯಲ್ಲಿ ಮುಂಗಡವಾಗಿ ಹೆಸರು ಕಾಯ್ದಿರಿಸಿದವರಿಗಷ್ಟೇ ಪ್ರವೇಶವೆಂಬ ಕಟ್ಟಳೆ ತರಬೇಕಾಯಿತು. ಪ್ರಶಾಂತತೆ ದೊರೆಯುವುದು ಋತು, ವಾರ, ಹೊತ್ತು ಇವನ್ನು ನೋಡಿ ಆರಿಸಿಕೊಂಡವರಿಗೆ.

ಋತುವಿನ ವಿಚಾರದಲ್ಲಿ ನಮ್ಮವರು ಎಡವುವುದು ಸಹಜ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕಡಲಿಗಿಳಿಯಬಾರದ ಕಾಲ. ಭೂಮಧ್ಯ ಸಮುದ್ರದಲ್ಲಿ ಇದು ತಿರುವುಮುರುವು: ಬೇಸಿಗೆ ಸಂಪೂರ್ಣ ಒಣ, ಮಳೆ ಬರುವುದು ಅಕ್ಟೋಬರ್‌ನಿಂದ ಚಳಿಗಾಲದುದ್ದಕ್ಕೂ. ಗಾಳಿ ಬೆಚ್ಚಗಾದ ಕೂಡಲೇ ನೀರೂ ಬೆಚ್ಚಗಾಗುತ್ತದೆಂದು ತಿಳಿಯಬಾರದು. ಫೆಬ್ರವರಿ, ಮಾರ್ಚ್‌ಗಳಲ್ಲಿ ಸುಮಾರು 15 ಡಿಗ್ರಿ ಇರುವ ಕಡಲ ನೀರು ಏಪ್ರಿಲ್‌ನಲ್ಲಿ 17ಕ್ಕೂ ಮೇ ತಿಂಗಳಲ್ಲಿ 19ಕ್ಕೂ ಏರುತ್ತದಷ್ಟೆ. ಅರಬಿ ಸಮುದ್ರದ ಬೆಚ್ಚನೆಯ ನೀರಿಗೆ ಒಗ್ಗಿದ ನಮ್ಮ ಮೈಗೆ ಅದು ಹಿಮಾಲಯದ ಗಂಗೆ. ಆಗಸ್ಟ್‌ನಲ್ಲಿ 26 ಡಿಗ್ರಿ ದಾಟುವ ಆ ನೀರು ನಿಧಾನವಾಗಿ ಆರುವುದರಿಂದ ಅಕ್ಟೋಬರ್‌ನಲ್ಲಿಯೂ 23-24 ಡಿಗ್ರಿಯಷ್ಟು ಹಿತವಾಗಿರುತ್ತದೆ.

ನಮ್ಮ ಮೊದಲ ಪ್ರವಾಸ ಮೇ ತಿಂಗಳ ಆರಂಭದಲ್ಲಿ. ಕಡಲತೀರದಲ್ಲಿ ಬೆರಳೆಣಿಕೆಯ ಜನ, ಗುಡ್ಡಗಳ ಮೇಲೆ ಹೂವು, ಆದರೆ ಮಕ್ಕಳು ನೀರಿಗೆ ಕಾಲಿಟ್ಟು ಕಿರುಚಿ ಓಡಿ ಬಂದರು. ಎರಡನೆಯದು ಅಕ್ಟೋಬರ್ ಮೊದಲ ವಾರದಲ್ಲಿ. ಆಗ ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿಯೇ ಇದ್ದರು. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಮೇ ಕೊನೆಯಿಂದ ಜೂನ್ ಮಧ್ಯದವರೆಗಿನ ದಿನಗಳು ಮೇಲು. ದೆಹಲಿಯವರಿಗೆ ಜೂನ್ ಕೊನೆಯವರೆಗೂ ರಜೆಯಿರುವುದರಿಂದ ಇನ್ನೂ ಅನುಕೂಲ. ನಿವೃತ್ತರಿಗೆ ನನ್ನ ಸಲಹೆ ಒಂದೇ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಒಂದು ತಿಂಗಳು. ದೀಪಾವಳಿ ರಜೆಯಲ್ಲಿ ಹೋಗುವವರು ಒಂದೆರಡು ದಿನ ಮಳೆಗೆ ಸಿದ್ಧರಾಗಿರಬೇಕು.

ಇನ್ನು ಗಾಳಿ. ಪ್ರವಾಸ ಸಂಸ್ಥೆಗಳವರು ಇದನ್ನು ಹೇಳುವುದಿಲ್ಲ, ಆದರೆ ಗೋಜೊದಲ್ಲಿ ಒಂದು ದಿನದ ಸುಖದುಃಖಗಳನ್ನು ನಿರ್ಣಯಿಸುವುದು ಗಾಳಿಯೇ. ಭೂಮಧ್ಯ ಸಮುದ್ರದಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ. ಮುಂಬಯಿಯಲ್ಲಿ ನೀರಿನ ಮಟ್ಟ ನಾಲ್ಕು ಮೀಟರಿಗೂ ಮೀರಿ ಏರಿಳಿಯುವುದನ್ನು ಕಂಡ ನಮಗೆ ಅಲ್ಲಿಯ ನೀರು ಬೆಳಿಗ್ಗೆಯೂ ಸಂಜೆಯೂ ಒಂದೇ ಗೆರೆಯಲ್ಲಿ ನಿಂತಿರುವುದು ವಿಚಿತ್ರವಾಗಿ ಕಾಣುತ್ತದೆ. ಹಾಗಾಗಿ ಅಲ್ಲಿ ಕಡಲನ್ನು ಕೆರಳಿಸುವುದು ಗಾಳಿ. ಅಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ, ಸ್ಥಳೀಯರು ಅದನ್ನು ‘ಮಜ್ಜಿಸ್ತ್ರಾಲ್’ ಎನ್ನುತ್ತಾರೆ. ಉತ್ತರಕ್ಕೆ ಮುಖಮಾಡಿರುವ ರಮ್ಲಾದಲ್ಲಿ ಅಂಥ ದಿನ ಅಲೆಗಳು ಏಳುತ್ತವೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಒಂದೆರಡು ಇಕ್ಕಟ್ಟಾದ ದಾರಿಗಳಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ನಮ್ಮ ಕರಾವಳಿಯವರು ಸೆಳವು ಎನ್ನುವುದು ಇದನ್ನೇ. ಅದಕ್ಕೆ ಸಿಕ್ಕಿಕೊಂಡವರು ನೇರವಾಗಿ ದಡದತ್ತ ಈಜಲು ಹೋಗಿ ಸೋತುಬಿಡುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಪಕ್ಕಕ್ಕೆ ಸರಿದು, ಆಮೇಲೆ ದಡ ಸೇರಬೇಕು.

ಅಕ್ಟೋಬರ್‌ನ ಒಂದು ಬೆಳಿಗ್ಗೆ ನಾವು ಆರು ಮಂದಿ ಟವೆಲ್ಲು, ಚಾಪೆ, ತಿಂಡಿಯ ಡಬ್ಬಿಗಳೊಂದಿಗೆ ರಮ್ಲಾಕ್ಕೆ ಇಳಿದಾಗ ಕೆಂಪು ಬಾವುಟ ಹಾರುತ್ತಿತ್ತು. ಬಿಸಿಲು ಚೆನ್ನಾಗಿತ್ತು, ದೂರಕ್ಕೆ ನೀರೂ ಅಂಥ ಭಯಂಕರವಾಗಿ ಕಾಣುತ್ತಿರಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ನನ್ನ ಹನ್ನೆರಡು ವರ್ಷದ ಸೋದರಳಿಯನ ಕಾಲಡಿಯ ಮರಳು ಒಂದೇ ಅಲೆಗೆ ಸರಿದು, ಹುಡುಗ ಕುಳಿತಲ್ಲಿಂದ ಮೂರು ಮಾರು ಜಾರಿದ. ಅವನ ತಂದೆ ರಟ್ಟೆ ಹಿಡಿದು ಎಳೆದುಕೊಂಡರು. ಅಷ್ಟೇ ಆದದ್ದು, ಆದರೆ ಅರ್ಧ ಗಂಟೆ ಯಾರೂ ಮಾತನಾಡಲಿಲ್ಲ. ಪಾನೀಯದ ಅಂಗಡಿಯ ಮುದುಕಿಯೊಬ್ಬಳು ನಮ್ಮನ್ನು ನೋಡಿ, ಈ ಗಾಳಿಗೆ ಇಲ್ಲೇಕೆ ಬಂದಿರಿ, ದ್ವೀಪದ ಆಚೆ ಮಗ್ಗುಲಿಗೆ ಹೋಗಿ ಎಂದಳು. ಕೊಮಿನೊ ದ್ವೀಪಕ್ಕೆ ಎದುರಾಗಿರುವ ಹೊಂಡೊಕ್ ಇರ್-ರುಮ್ಮಿಯೆನ್ ಎಂಬ ಪುಟ್ಟ ಕೊಲ್ಲಿಗೆ ಹೋದರೆ, ಅಲ್ಲಿ ನೀರು ಬಟ್ಟಲಿನಲ್ಲಿಟ್ಟಂತೆ ನಿಶ್ಚಲ! ಆಗ್ನೇಯದಿಂದ ಸಹರಾದ ಧೂಳು ಹೊತ್ತ ‘ಶ್ಲೊಕ್’ ಗಾಳಿ ಬೀಸುವಾಗ ಇದು ತಲೆಕೆಳಗಾಗುತ್ತದೆ. ಆಗ ದಕ್ಷಿಣದ ಕೊಲ್ಲಿಗಳು ಕೆರಳಿ ರಮ್ಲಾ ಶಾಂತವಾಗುತ್ತದೆ. ದ್ವೀಪ ಚಿಕ್ಕದಾದ್ದರಿಂದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ದಾರಿ. ದಿನವೂ ಬೆಳಿಗ್ಗೆ ಗಾಳಿಯ ದಿಕ್ಕು ನೋಡಿಕೊಂಡು ಕಡಲನ್ನು ಆರಿಸುವುದು ಅಲ್ಲಿಯವರ ರೂಢಿ, ನಮ್ಮದೂ ಆಯಿತು.

ಬಾವುಟಗಳ ಅರ್ಥವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಿ ಕರೆದೊಯ್ಯಿರಿ. ಒಂದು ಕೆಂಪು ಬಾವುಟ ಅಪಾಯದ ಸೂಚನೆ, ಎರಡಿದ್ದರೆ ನೀರಿಗೆ ಇಳಿಯುವುದು ನಿಷಿದ್ಧ, ನೇರಳೆ ಬಾವುಟವಿದ್ದರೆ ಚುಚ್ಚುವ ಲೋಳೆಮೀನುಗಳಿವೆ ಎಂದರ್ಥ. ಜೀವರಕ್ಷಕರು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಇರುತ್ತಾರೆ. ಜನರಿಲ್ಲದ ಕಾಲದಲ್ಲಿ ಹೋದವರಿಗೆ ರಕ್ಷಕರೂ ಇಲ್ಲ ಎಂಬುದನ್ನು ಮರೆಯುವಂತಿಲ್ಲ. ತುರ್ತು ದೂರವಾಣಿ 112; ದ್ವೀಪದ ಆಸ್ಪತ್ರೆ ಮಧ್ಯದ ವಿಕ್ಟೋರಿಯಾ ಪಟ್ಟಣದಲ್ಲಿದೆ.

ರಮ್ಲಾಕ್ಕಿಂತಲೂ ಏಕಾಂತ ಬೇಕೆನ್ನುವವರಿಗೆ ನದೂರ್ ಹಳ್ಳಿಯ ಕೆಳಗೆ ಸ್ಯಾನ್ ಬ್ಲಾಸ್ ಎಂಬ ಪುಟ್ಟ ತೀರವಿದೆ. ಅದೂ ಕೆಂಪು ಮರಳಿನದೇ, ಸುತ್ತ ಹಣ್ಣಿನ ತೋಟಗಳು. ಆದರೆ ಅಲ್ಲಿಗೆ ಇಳಿಯುವ ದಾರಿ ಗೋಡೆಯಂತೆ ಕಡಿದು. ಎಪ್ಪತ್ತು ದಾಟಿದ ನಮ್ಮ ಅತ್ತೆಯವರನ್ನು ಉತ್ಸಾಹದಲ್ಲಿ ಇಳಿಸಿಕೊಂಡು ಹೋದದ್ದು ನನ್ನದೇ ತಪ್ಪು. ಇಳಿಯುವಾಗ ಹಾಡು ಗುನುಗುತ್ತಿದ್ದ ಅವರು ಸಂಜೆ ಮೇಲಕ್ಕೆ ನೋಡಿ, “ಅಳಿಯಂದಿರೇ, ನಾನು ಇಲ್ಲೇ ಇದ್ದುಬಿಡುತ್ತೇನೆ, ದಿನಾ ಊಟ ಕಳಿಸಿಕೊಡಿ” ಎಂದರು. ಕೆಲವು ಯೂರೋ ಪಡೆದು ಜೀಪಿನಲ್ಲಿ ಮೇಲಕ್ಕೆ ತಲುಪಿಸುವ ಸ್ಥಳೀಯರೊಬ್ಬರು ಸಿಕ್ಕಿದ್ದರಿಂದ ಮಾನ ಉಳಿಯಿತು. ಹಿರಿಯರಿದ್ದರೆ ರಮ್ಲಾವೇ ಸರಿ. ಅಲ್ಲಿಗೆ ಬಸ್ಸು ಕಡಲತೀರದ ಸಮೀಪದವರೆಗೂ ಬರುತ್ತದೆ.

ವೀಸಾದ ವಿಚಾರ ಸಂಕ್ಷಿಪ್ತವಾಗಿ. ಮಾಲ್ಟಾ 2007ರಿಂದ ಷೆಂಗೆನ್ ಒಕ್ಕೂಟದಲ್ಲಿದೆ, ನಾಣ್ಯ ಯೂರೋ. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಇಟಲಿಯನ್ನೂ ಸೇರಿಸಿಕೊಂಡು ಹೋಗುವವರು, ಎಲ್ಲಿ ಹೆಚ್ಚು ದಿನ ತಂಗುವಿರೋ ಆ ದೇಶದಲ್ಲಿಯೇ ಅರ್ಜಿ ಸಲ್ಲಿಸಬೇಕು. ಐದು ದಿನ ರೋಮ್, ನಾಲ್ಕು ದಿನ ಗೋಜೊ ಎಂದಾದರೆ ಅರ್ಜಿ ಇಟಲಿಗೆ.

ಊಟದ ಚಿಂತೆ ನಮ್ಮವರಿಗೆ ವೀಸಾಗಿಂತ ದೊಡ್ಡದು. ಗೋಜೊದಲ್ಲಿ ಸುಣ್ಣಕಲ್ಲಿನ ಹಳೆಯ ರೈತಮನೆಗಳನ್ನು ಅಡುಗೆಮನೆ ಸಹಿತ ಬಾಡಿಗೆಗೆ ಕೊಡುತ್ತಾರೆ. ಎರಡು ಕುಟುಂಬ ಸೇರಿದರೆ ಹೋಟೆಲಿಗಿಂತ ಇದೇ ಲೇಸು. ಆದರೆ ಎಚ್ಚರಿಕೆ: ಯುರೋಪು ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಅವುಗಳ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಎರಡೂ ಈ ನಿಷೇಧಕ್ಕೆ ಒಳಗಾಗುತ್ತವೆ. ತಾಜಾ ಹಣ್ಣು, ತರಕಾರಿ, ಸೊಪ್ಪುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದೇ ಹಣ್ಣುಗಳಿಗೆ. ಅವುಗಳಲ್ಲಿ ಬಾಳೆಹಣ್ಣು ಮತ್ತು ತೆಂಗಿನಕಾಯಿ ಸೇರಿವೆ ಎಂಬುದು ಕರಾವಳಿಯವರಿಗೆ ಸಮಾಧಾನದ ಸಂಗತಿ. ಅಲ್ಲಿ ಸಿಗುವ ‘ಫ್ತೀರಾ’ ಎಂಬ ಚಪ್ಪಟೆ ರೊಟ್ಟಿಯ ತಯಾರಿಕೆಯನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಟೊಮೇಟೊ, ಆಲಿವ್ ಎಣ್ಣೆ ಸವರಿ ಕೊಡುತ್ತಾರೆ. ಮೀನು ಬೇಡವೆಂದು ಮೊದಲೇ ಹೇಳಬೇಕು. ಕುರಿಯ ಹಾಲಿನ ‘ಜ್ಬೇನಾ’ ಗಿಣ್ಣನ್ನು ಹೆಪ್ಪುಗಟ್ಟಿಸಲು ಪ್ರಾಣಿಜನ್ಯ ವಸ್ತು ಬಳಸುವುದುಂಟು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ವಿಚಾರಿಸುವುದು ಒಳ್ಳೆಯದು. ಇಂಗ್ಲಿಷ್ ಅಲ್ಲಿಯ ಅಧಿಕೃತ ಭಾಷೆಗಳಲ್ಲೊಂದು, ಆದ್ದರಿಂದ ಮಾತಿಗೆ ತೊಡಕಿಲ್ಲ.

ಬಿಸಿಲೇರಿದ ಮಧ್ಯಾಹ್ನಗಳಲ್ಲಿ, ಅಥವಾ ಎರಡೂ ಮಗ್ಗುಲಿನ ಕಡಲು ಮುನಿದ ದಿನ, ನೋಡಲು ಬೇರೇನೂ ಇಲ್ಲವೆಂದಲ್ಲ. ಶಾರಾ ಹಳ್ಳಿಯ ಜ್ಗಂತೀಯಾ ದೇಗುಲಗಳು ಐದು ಸಾವಿರ ವರ್ಷಗಳಿಗೂ ಹಿಂದಿನವು, ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗಿಂತ ಪುರಾತನ. ಹಳೆಯ ಚಿತ್ರಗಳಲ್ಲಿ ಕಾಣುವ ‘ಅಜೂರ್ ವಿಂಡೊ’ ಎಂಬ ಕಲ್ಲಿನ ಕಮಾನನ್ನು ಹುಡುಕಿಕೊಂಡು ಹೋಗಬೇಡಿ. 2017ರ ಮಾರ್ಚ್ 8ರ ಬಿರುಗಾಳಿಗೆ ಅದು ಕುಸಿದು ಕಡಲು ಸೇರಿದೆ.

ರಮ್ಲಾದ ಮರಳದಿಬ್ಬಗಳ ಮೇಲೆ ನಡೆಯಬೇಡಿರೆಂಬ ಸೂಚನೆಯನ್ನು ಪಾಲಿಸಬೇಕು. ಅಲ್ಲಿಯ ಗಿಡಗಳ ಬೇರುಗಳೇ ಮರಳನ್ನು ಹಿಡಿದಿರುವುದು. ಬೇರು ಸತ್ತರೆ ಗಾಳಿ ದಿಬ್ಬವನ್ನು ಹೊತ್ತೊಯ್ಯುತ್ತದೆ. ಮಾಲ್ಟಾದ ಮರಳುತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 2016ರಲ್ಲಿ ಮುಖ್ಯ ದ್ವೀಪದ ಗೋಲ್ಡನ್ ಬೇಯಲ್ಲಿ ಮರಿಗಳು ಹೊರಬಂದಾಗ ಊರಿಗೆ ಊರೇ ಸಂಭ್ರಮಿಸಿತ್ತು. ರಾತ್ರಿ ಕಡಲತೀರದಲ್ಲಿ ಟಾರ್ಚು ಹಾಯಿಸುವುದು, ಗದ್ದಲವೆಬ್ಬಿಸುವುದು ಬೇಡ.

ಮರಳುವ ದಿನದ ಬಗ್ಗೆ ಒಂದು ಮಾತು. ಗಾಳಿ ಬಿರುಸಾದರೆ ಫೆರಿ ನಿಲ್ಲುವುದುಂಟು. ವಿಮಾನದ ಹಿಂದಿನ ರಾತ್ರಿಯನ್ನು ಗೋಜೊದಲ್ಲಿ ಕಳೆಯದೆ ಮುಖ್ಯ ದ್ವೀಪದಲ್ಲಿಯೇ ತಂಗುವುದು ಕ್ಷೇಮ. ಚಿರ್ಕೆವ್ವಾದಿಂದ ಗೋಜೊಕ್ಕೆ ಹೋಗುವಾಗ ಫೆರಿಯಲ್ಲಿ ಯಾರೂ ಹಣ ಕೇಳದಿದ್ದರೆ ಗಾಬರಿಯಾಗಬೇಡಿ. ಹೋಗಿಬರುವ ಎರಡೂ ಕಡೆಯ ಶುಲ್ಕವನ್ನು ಅವರು ವಸೂಲು ಮಾಡುವುದು ಮರಳುವಾಗ, ಇಮ್ಜಾರ್ ದಕ್ಕೆಯಲ್ಲಿ.