ಕುಂಟುವ ಕಾಲಿಗೂ ತಂಡದಲ್ಲೊಂದು ಸ್ಥಾನ

ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮೈದಾನದ ಅಂಚಿನಲ್ಲಿ ಕುಳಿತ ಹುಡುಗನನ್ನು ಕಾಣದ ಓದುಗರು ನಮ್ಮಲ್ಲಿ ವಿರಳ. ಧರ್ಮಕೇಂದ್ರದ ಹಬ್ಬದ ಸಂಜೆಯ ಪಂದ್ಯವಾಗಲಿ, ಶಾಲೆಯ ತಾಲ್ಲೂಕು ಮಟ್ಟದ ಆಟವಾಗಲಿ, ಆತ ಅಲ್ಲಿರುತ್ತಾನೆ. ಕಳೆದ ವರ್ಷ ಎಲ್ಲರಿಗಿಂತ ಚೆನ್ನಾಗಿ ಆಡಿದವನು ಅವನೇ. ಈ ವರ್ಷ ತಂಡದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮುಂದಿನ ವರ್ಷ ಅವನನ್ನು ಕೇಳುವವರೂ ಇರುವುದಿಲ್ಲ.

ಚೆಂಡುಹೂವಿನ ಹೊಲಗಳಿಗೆ ಹೆಸರಾದ ಗುಂಡ್ಲುಪೇಟೆಗೆ ಕಾಲ್ಚೆಂಡಿನ ನಂಟು ದೂರದ್ದಲ್ಲ. ಅಲ್ಲಿಂದ ಸುಲ್ತಾನ್ ಬತ್ತೇರಿಯ ರಸ್ತೆ ಹಿಡಿದರೆ ಏಳೇಳು ಜನರ ‘ಸೆವೆನ್ಸ್’ ಪಂದ್ಯಕ್ಕೆ ಊರಿಗೆ ಊರೇ ನೆರೆಯುವ ಮಲಬಾರು ಸಿಗುತ್ತದೆ. ಆದರೆ ಆಟದ ಹುಚ್ಚು ಗಡಿ ದಾಟಿದಷ್ಟು ಸುಲಭವಾಗಿ ಆಟಗಾರನ ಆರೈಕೆ ಗಡಿ ದಾಟಿಲ್ಲ. ಗಾಯಗೊಂಡ ಪ್ರತಿಭೆಯನ್ನು ನಾಳೆಯ ಅಗತ್ಯಕ್ಕೆಂದು ಇಂದೇ ಆರಿಸಿಕೊಳ್ಳುವುದು ಜಾಣತನವೋ, ಕೇವಲ ಕನಿಕರವೋ? ಈ ಪ್ರಶ್ನೆಗೆ ದೂರದ ಅಮೆರಿಕದಲ್ಲಿ ಒಂದು ಉತ್ತರವಿದೆ, ನಮ್ಮ ಮೈಸೂರಿನಲ್ಲಿಯೇ ಇನ್ನೊಂದು ಉತ್ತರವಿದೆ.

ಅಮೆರಿಕದವರ ಫುಟ್‌ಬಾಲ್ ನಮ್ಮದಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಡಿಕ್ಕಿ ಹೊಡೆಯುವ ಒರಟು ಆಟ ಅದು. ಪ್ರತಿ ವರ್ಷ ಅಲ್ಲಿನ 32 ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಒಟ್ಟು ಏಳು ಸುತ್ತು. ನಮ್ಮ ಇಂಡಿಯನ್ ಸೂಪರ್ ಲೀಗ್ ಕೂಡ 2017ರಲ್ಲಿ ಮುಂಬಯಿಯಲ್ಲಿ ಇಂಥ ಡ್ರಾಫ್ಟ್ ನಡೆಸಿತ್ತು.

ಹೋಲಿ ಕ್ರಾಸ್ ಸಭೆಯ ಗುರುಗಳು 1842ರಲ್ಲಿ ಸ್ಥಾಪಿಸಿದ ನೋಟರ್ ಡೇಮ್ ವಿಶ್ವವಿದ್ಯಾಲಯದ ಜೇಲನ್ ಸ್ಮಿತ್ ಎಂಬ ಯುವಕ 2016ರ ಡ್ರಾಫ್ಟ್‌ನಲ್ಲಿ ಮೊದಲ ಕೆಲವು ಹೆಸರುಗಳಲ್ಲಿ ಒಬ್ಬನಾಗುವನೆಂಬುದು ಬಹುಜನರ ನಿರೀಕ್ಷೆಯಾಗಿತ್ತು. ಆ ವರ್ಷದ ಜನವರಿ 1ರಂದು, ಕಾಲೇಜಿನ ಪರವಾಗಿ ಆಡಿದ ಕೊನೆಯ ಪಂದ್ಯದಲ್ಲಿ, ಆತನ ಮೊಣಕಾಲಿನ ಎರಡು ಅಸ್ಥಿರಜ್ಜುಗಳು ಹರಿದವು. ಅದಕ್ಕಿಂತಲೂ ಘೋರವಾದುದು ನರಕ್ಕೆ ಬಿದ್ದ ಪೆಟ್ಟು. ಪಾದವನ್ನು ಮೇಲಕ್ಕೆತ್ತುವ ಶಕ್ತಿಯೇ ಹೋಯಿತು. ಹರಿದ ಅಸ್ಥಿರಜ್ಜುವನ್ನು ವೈದ್ಯರು ಹೊಸದಾಗಿ ಕೂಡಿಸಬಲ್ಲರು. ನರವಾದರೋ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತಾನಾಗಿಯೇ ಬೆಳೆಯಬೇಕು, ಬೆಳೆಯದೆಯೂ ಇರಬಹುದು.

ಮೊದಲ ಸುತ್ತಿನಲ್ಲಿ ಆತನನ್ನು ಯಾರೂ ಕರೆಯಲಿಲ್ಲ. ಎರಡನೆಯ ಸುತ್ತಿನಲ್ಲಿ, 34ನೆಯ ಹೆಸರಾಗಿ, ಡಲ್ಲಾಸ್ ಕೌಬಾಯ್ಸ್ ತಂಡ ಆರಿಸಿಕೊಂಡಿತು. ಆತನ ಶಸ್ತ್ರಚಿಕಿತ್ಸೆ ಮಾಡಿದ್ದವರು ಅದೇ ತಂಡದ ವೈದ್ಯರು. ಹೊರಗಿನವರ ಕಣ್ಣಿಗೆ ಜೂಜಾಗಿ ಕಂಡದ್ದು ಅವರಿಗೆ ಒಳಗನ್ನು ಕಂಡವರ ಲೆಕ್ಕಾಚಾರವಾಗಿದ್ದಿರಬೇಕು. 2016ರ ಋತುವಿಡೀ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ಗಾಯಾಳುಗಳಿಗೆಂದೇ ಅಲ್ಲಿ ಪ್ರತ್ಯೇಕ ಪಟ್ಟಿಯಿರುವುದರಿಂದ ಬೇರೊಬ್ಬ ಆಟಗಾರನ ಸ್ಥಾನಕ್ಕೆ ಕುತ್ತು ಬರಲಿಲ್ಲ. 2017ರಲ್ಲಿ ಪಾದಕ್ಕೆ ಆಧಾರಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದವನು ಅಷ್ಟೂ 16 ಪಂದ್ಯಗಳನ್ನು ಆಡಿದ. 2019ರಲ್ಲಿ ಲೀಗಿನ ಶ್ರೇಷ್ಠರ ಪಂದ್ಯಕ್ಕೂ ಆಯ್ಕೆಯಾದ.

ಇಷ್ಟಕ್ಕೇ ನಿಲ್ಲಿಸಿದರೆ ಓದುಗರನ್ನು ವಂಚಿಸಿದಂತಾದೀತು. ಮಾರ್ಕಸ್ ಲ್ಯಾಟಿಮೋರ್ ಎಂಬ ಮತ್ತೊಬ್ಬ ಅಸಾಧಾರಣ ಓಟಗಾರ 2012ರ ಅಕ್ಟೋಬರ್‌ನಲ್ಲಿ ಮೊಣಕಾಲು ಕಳಚಿಕೊಂಡು ಬಿದ್ದ. ಸ್ಯಾನ್ ಫ್ರಾನ್ಸಿಸ್ಕೊ ತಂಡ 2013ರಲ್ಲಿ ನಾಲ್ಕನೆಯ ಸುತ್ತಿನಲ್ಲಿ ಆತನನ್ನು ಆರಿಸಿಕೊಂಡು ಕಾಯಿತು. 2014ರಲ್ಲಿ, ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ, ಆತ ನಿವೃತ್ತನಾದ. ತಂಡ ತಪ್ಪೆಸಗಿತೆಂದು ನನಗೆ ಅನ್ನಿಸುವುದಿಲ್ಲ. ನಾಲ್ಕನೆಯ ಸುತ್ತಿನ ಒಂದು ಸರದಿಯಷ್ಟೇ ಅದು ಕಳೆದುಕೊಂಡದ್ದು. ಆ ಯುವಕನಿಗೆ ಪ್ರಯತ್ನಿಸಿ ನೋಡುವ ಒಂದು ವರ್ಷ ದೊರೆಯಿತು.

ಈಗ ಮೈಸೂರಿಗೆ ಬರೋಣ. 1945ರಲ್ಲಿ ಅಲ್ಲಿ ಜನಿಸಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿಯೇ ಪೋಲಿಯೊಗೆ ತುತ್ತಾಗಿ ಸೊರಗಿತ್ತು. ಅದೇ ಕೈಯಿಂದ ಚೆಂಡೆಸೆಯುವ ತರುಣನನ್ನು 1964ರಲ್ಲಿ, ಹದಿನೆಂಟರ ಹರೆಯದಲ್ಲಿ, ಭಾರತ ತಂಡಕ್ಕೆ ಆರಿಸಲಾಯಿತು. 1967–68ರ ಆಸ್ಟ್ರೇಲಿಯ ಪ್ರವಾಸದಲ್ಲಿ ಗಾಯ, ಊರಿಗೆ ಮರಳಿದ ಮೇಲೆ ಸ್ಕೂಟರ್ ಅಪಘಾತ. ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ಪಂದ್ಯಗಳಿಲ್ಲ. ಅವರ ಕಥೆ ಮುಗಿಯಿತೆಂದು ಭಾವಿಸಲು ಅಷ್ಟು ಸಾಕಾಗಿತ್ತು. ಆದರೂ 1971ರ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಗಾರರು ಅವರನ್ನು ಮರಳಿ ಕರೆದರು. ಆ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್! ಆಂಗ್ಲರ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದಕ್ಕಿದ್ದು ಹೀಗೆ.

ನಮ್ಮ ಕಾಲ್ಚೆಂಡಾಟದಲ್ಲಿಯೂ ಉದಾಹರಣೆಯಿದೆ. ರಕ್ಷಣಾ ಆಟಗಾರ ಸಂದೇಶ್ ಝಿಂಗನ್ 2019ರ ಅಕ್ಟೋಬರ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಇಡೀ ಋತುವನ್ನು ಕಳೆದುಕೊಂಡರು. 2020ರಲ್ಲಿ ಕೋಲ್ಕತ್ತದ ತಂಡವೊಂದು ಅವರೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಅವರು ದೇಶದ ವರ್ಷದ ಶ್ರೇಷ್ಠ ಆಟಗಾರರೆನಿಸಿದರು. 2022ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಡ್ಯುರಾಂಡ್ ಕಪ್ ಬೆಂಗಳೂರಿಗೆ ಬಂದದ್ದು ಅದೇ ವರ್ಷ.

ಇವರೆಲ್ಲ ದೊಡ್ಡವರು, ಹಣವುಳ್ಳ ತಂಡಗಳವರು ಎನ್ನಬಹುದು. ನಿಜ. ನಮ್ಮ ಹುಡುಗನ ತೊಂದರೆ ಬೇರೆಯದೇ. ಶಾಲಾ ಕಾಲ್ಚೆಂಡಾಟಕ್ಕೆ ವಯಸ್ಸಿನ ಗೆರೆಯಿದೆ. ಹದಿನಾರರಲ್ಲಿ ಮೊಣಕಾಲು ಕೆಟ್ಟರೆ ಹದಿನೇಳರೊಳಗಿನವರ ತಂಡ ಕೈತಪ್ಪಿಹೋಗುತ್ತದೆ. ಆಯ್ಕೆಯ ದಿನ ಓಡಿ ತೋರಿಸಲಾಗದವನಿಗೆ ಕ್ರೀಡಾ ವಸತಿ ನಿಲಯದ ಬಾಗಿಲೂ ತೆರೆಯುವುದು ಕಷ್ಟ. ಒಂದು ತಂಡದಲ್ಲಿ ಹದಿನೆಂಟು ಹೆಸರುಗಳಿದ್ದರೆ ಹತ್ತೊಂಬತ್ತನೆಯದಾಗಿ ಅವನ ಹೆಸರು ಬರೆದುಕೊಳ್ಳಲು ಹಣವೇನೂ ಬೇಡ. ಆಡದಿದ್ದರೂ ಆತ ಅಭ್ಯಾಸಕ್ಕೆ ಬರಲಿ, ಸ್ಕೋರು ಬರೆಯಲಿ, ಕಿರಿಯರಿಗೆ ಚೆಂಡು ಎಸೆಯಲಿ.

ಪಾಲಕರಿಗೆ ಒಂದು ಮಾತು. ಬಿದ್ದಾಗ ಮೊಣಕಾಲಿನೊಳಗೆ ‘ಟಕ್’ ಎಂಬ ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ತಿಕ್ಕಿಸುವುದು, ಎಳೆಸುವುದು ಬೇಡ. ಮೂಳೆ ತಜ್ಞರಿಗೆ ತೋರಿಸಿ. ಇದಕ್ಕಾಗಿ 60 ಕಿಲೋಮೀಟರ್ ದೂರದ ಮೈಸೂರಿಗೇ ಓಡಬೇಕೆಂದಿಲ್ಲ, ಚಾಮರಾಜನಗರದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಎಳೆಯರಲ್ಲಿ ಎಲುಬಿನ ತುದಿಯ ಬೆಳವಣಿಗೆಯ ಪದರ ಇನ್ನೂ ಮುಚ್ಚಿರುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆ ಬೇಕೇ, ಯಾವಾಗ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ನೋವು ಅದಕ್ಕಿಂತ ಬಹಳ ಮೊದಲೇ ಹೋಗಿಬಿಡುತ್ತದೆ, ಅಪಾಯವಿರುವುದು ಅಲ್ಲಿಯೇ: ಹಬ್ಬದ ಪಂದ್ಯಕ್ಕೆ ಒಬ್ಬ ಕಡಿಮೆ ಬಿದ್ದನೆಂದು ಆರನೆಯ ತಿಂಗಳಿನಲ್ಲಿ ಗೆಳೆಯರು ಕರೆಯಲು ಬರುತ್ತಾರೆ. ಆ ದಿನ ಮಗನನ್ನು ಮನೆಯಲ್ಲಿ ಕೂರಿಸಿಕೊಳ್ಳುವುದು ಶಸ್ತ್ರಚಿಕಿತ್ಸೆಗಿಂತಲೂ ಕಷ್ಟದ ಕೆಲಸ.