ಸೈನೈಡ್ ಗುಡ್ಡ ಅಗೆಯುವ ಮುನ್ನ ಕೆರೆಗೊಂದು ನಿಧಿ ಬೇಕು

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ 13 ಸೈನೈಡ್ ಗುಡ್ಡಗಳಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಗುಡ್ಡಗಳು ಹರಡಿರುವ ಜಾಗ 1,003 ಎಕರೆ. ಅಂದಿನಿಂದ ನಡೆದಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಎಷ್ಟು ಚಿನ್ನ ಸಿಕ್ಕೀತು, ಎಷ್ಟು ಮಂದಿಗೆ ಕೆಲಸ ಸಿಕ್ಕೀತು ಎಂಬುದರ ಸುತ್ತಲೇ. ಕೆಲಸದ ಆಸೆ ತಪ್ಪಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಕೂಲಿಗೆ ಹೋಗುವ ಜನರ ಬದುಕು ಬಲ್ಲವರು ಯಾರೂ ಹಾಗೆನ್ನಲಾರರು. ಆದರೆ ಗುಡ್ಡ ಅಗೆದರೆ ಕೆರೆಗಳಿಗೆ, ಕೊಳವೆಬಾವಿಗಳಿಗೆ ಏನಾದೀತು, ಅದನ್ನು ತಡೆಯಲು ಹಣ ಎಲ್ಲಿಂದ ಬಂದೀತು ಎಂಬ ಪ್ರಶ್ನೆಯನ್ನು ಈಗಲೇ ಕೇಳದಿದ್ದರೆ ಮುಂದೆ ಕೇಳಿ ಪ್ರಯೋಜನವಿಲ್ಲ.

ಈ ಗುಡ್ಡಗಳು ಮಣ್ಣಿನವಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಂದಿನಿಂದ ಸುಮಾರು 120 ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಅದಕ್ಕಾಗಿ ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಅದ್ದಿ, ಚಿನ್ನ ತೆಗೆದು ಸುರಿದ ಬಂಡೆಪುಡಿ 3 ಕೋಟಿ ಟನ್ನಿಗೂ ಹೆಚ್ಚು. ಬಿಸಿಲು, ಗಾಳಿಗೆ ಸೈನೈಡ್‌ನ ಬಹುಪಾಲು ಒಡೆದುಹೋಗುತ್ತದೆ. ಕಬ್ಬಿಣದ ಜೊತೆ ಬೆಸೆದುಕೊಂಡ ಪಾಲು ಮಾತ್ರ ಬಹುಕಾಲ ಉಳಿಯುತ್ತದೆ. ಅದಿರಿನೊಳಗಿದ್ದ ಗಂಧಕದ ಖನಿಜಗಳು, ಅವುಗಳೊಂದಿಗೆ ಬರುವ ಆರ್ಸೆನಿಕ್‌ನಂಥ ಧಾತುಗಳು ಎಲ್ಲಿಗೂ ಹೋಗುವುದಿಲ್ಲ. ಚಿನ್ನವಿದ್ದದ್ದು ಬೆಣಚುಕಲ್ಲಿನಲ್ಲಿ, ಹಾಗಾಗಿ ಪುಡಿಯಲ್ಲಿ ಸಿಲಿಕಾ ಧಾರಾಳವಾಗಿದೆ. ಉಸಿರಿಗೆ ಸೇರುವಷ್ಟು ಸಣ್ಣ ಸಿಲಿಕಾ ಹರಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆಷಾಢದ ಗಾಳಿಗೆ ಗುಡ್ಡದಿಂದ ಎದ್ದ ಬಿಳಿ ದೂಳು ಮನೆಯ ಹಂಡೆಯ ನೀರಿನ ಮೇಲೆ ಕೂರುವುದನ್ನು ಗಣಿ ಕಾಲೊನಿಗಳ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ.

ಗಾಳಿಯ ಕೇಡು ಕಣ್ಣಿಗೆ ಕಾಣುತ್ತದೆ, ಮಳೆಯದು ಕಾಣುವುದಿಲ್ಲ. ಬೇರಿನ ಹಿಡಿತವಿಲ್ಲದ ಈ ಪುಡಿಯನ್ನು ಜೋರು ಮಳೆ ಕೊರೆದು ಕೊರಕಲು ಮಾಡುತ್ತದೆ. ಕೊಚ್ಚಿಹೋದದ್ದು ರಾಜಕಾಲುವೆ ಹಿಡಿದು ಇಳಿಜಾರಿನ ಕೆರೆ, ಕುಂಟೆಗಳಿಗೆ ಸೇರುತ್ತದೆ. ಹೂಳು ತುಂಬಿದ ಕೆರೆ ಮೊದಲಿಗಿಂತ ಬೇಗ ಕೋಡಿ ಬೀಳುತ್ತದೆ. ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ಬಾಗಿನ ಅರ್ಪಿಸಿ ಬರುತ್ತದೆ. ಆದರೆ ಏರಿ ಅಷ್ಟೇ ಎತ್ತರ, ನೀರು ಅಷ್ಟೇ ಅಗಲ, ಕಡಿಮೆಯಾದದ್ದು ಆಳ. ಅದೂ ಅಲ್ಲದೆ ನುಣುಪು ಹೂಳು ಕೆರೆಯಂಗಳಕ್ಕೆ ಗಾರೆ ಬಳಿದಂತೆ ಕೂತು, ನೀರು ಕೆಳಗಿಳಿಯುವ ದಾರಿಯನ್ನೇ ಮುಚ್ಚುತ್ತದೆ. 2021ರ ನವೆಂಬರ್ ಮಳೆಯಲ್ಲಿ ಪಾಲಾರ್ ತುಂಬಿ ಹರಿದಾಗ ನಮ್ಮ ಬರ ಮುಗಿಯಿತೆಂದು ಎಲ್ಲರಿಗೂ ಅನ್ನಿಸಿತ್ತು. ಆದರೆ ಕೋಡಿಯ ನೀರು ನೋಡಿ ಅಂತರ್ಜಲದ ಲೆಕ್ಕ ಹಾಕಲಾಗದು. ಕೋಲಾರ ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಅತಿಬಳಕೆಯ ಪಟ್ಟಿಯಲ್ಲಿವೆ. ಅಂದರೆ ಒಂದು ವರ್ಷದಲ್ಲಿ ನೆಲಕ್ಕಿಳಿಯುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಕೊಳವೆಬಾವಿ ಸಾವಿರ ಅಡಿ ದಾಟಿದ ಕಡೆ, ಬಂಡೆಯೊಂದಿಗೆ ಬಹುಕಾಲ ಕೂತ ನೀರಿನಲ್ಲಿ ಫ್ಲೋರೈಡ್ ಏರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಜಿಲ್ಲೆಯ ಎಷ್ಟೋ ಹಳ್ಳಿಗಳ ಬಾವಿಗಳು ಅದನ್ನು ದಾಟಿವೆ.

ಇಂಥ ಜಾಗದಲ್ಲಿ ಗುಡ್ಡಗಳನ್ನು ಮತ್ತೆ ಅಗೆಯುವುದೆಂದರೆ, ಪುಡಿಯನ್ನು ನೀರಿನಲ್ಲಿ ಕಲಸಿ, ಮತ್ತೆ ಸೈನೈಡ್ ಸೇರಿಸಿ, ಉಳಿದ ಕೆಸರನ್ನು ಇನ್ನೊಂದು ಕಡೆ ಕಟ್ಟೆ ಹಾಕಿ ನಿಲ್ಲಿಸುವುದು. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಸುತ್ತ 1970ರ ದಶಕದಿಂದಲೂ ಇದು ನಡೆದಿದೆ. ತಂತ್ರ ಹೊಸದಲ್ಲ, ಅಪಾಯವೂ ಹೊಸದಲ್ಲ. 1994ರ ಫೆಬ್ರುವರಿ 22ರ ರಾತ್ರಿ ಅದೇ ದೇಶದ ಮೆರಿಯೆಸ್ಪ್ರೂಟ್‌ನಲ್ಲಿ ಚಿನ್ನದ ಗಣಿಯ ಇಂಥ ಕೆಸರಿನ ಕಟ್ಟೆ ಒಡೆದು 17 ಮಂದಿ ಸತ್ತರು. ಅದಕ್ಕೆ ಮುನ್ನ ಬಿದ್ದ ಮಳೆ ಅರ್ಧ ಗಂಟೆಯಲ್ಲಿ 30ರಿಂದ 50 ಮಿಲಿಮೀಟರ್, ನಮ್ಮ ಕಡೆ ಹಿಂಗಾರಿನ ಒಂದು ಸಂಜೆ ಸುರಿಯಬಹುದಾದ ಮಳೆ. ನಮ್ಮ ಗುಡ್ಡಗಳು ಒಣಗಿ ಗಟ್ಟಿಯಾಗಿವೆ, ಹಾಗೆ ಒಡೆಯುವ ಸ್ಥಿತಿಯಲ್ಲಿಲ್ಲ ಎಂಬುದನ್ನು ಒಪ್ಪಬೇಕು. ಅವುಗಳಿಗೆ ಮತ್ತೆ ನೀರು ಬೆರೆಸಿದ ದಿನದಿಂದ ಲೆಕ್ಕ ಬೇರೆ.

ಇನ್ನು ಹಣದ ಮಾತು. ಹರಾಜಾದ ಗಣಿಗಳು ರಾಜಧನದ ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು ಎನ್ನುತ್ತದೆ 2015ರ ನಿಯಮ. ಚಿನ್ನದ ರಾಜಧನ ಶೇ 4. ಇದೇ ಲೆಕ್ಕ ಗುಡ್ಡಗಳಿಗೂ ಅನ್ವಯವಾದರೆ, ನೂರು ರೂಪಾಯಿ ಚಿನ್ನಕ್ಕೆ ಜಿಲ್ಲೆಗೆ ಬರುವುದು 40 ಪೈಸೆ. ಅದರಲ್ಲೇ ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರು ಪ್ರದೇಶಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ಆದೇಶದಿಂದಾಗಿ ಸಾವಿರಾರು ಕೋಟಿಯ ಪ್ರತ್ಯೇಕ ನಿಧಿ ಇದೆ, ಅದನ್ನು ನೋಡಿಕೊಳ್ಳಲೆಂದೇ ಒಂದು ನಿಗಮವೂ ಇದೆ. ಅವುಗಳಿಗಿಂತ ಮೊದಲೇ ಅಗೆಸಿಕೊಂಡ ಕೆಜಿಎಫ್‌ಗೆ ಅಂಥದ್ದೇನೂ ಇಲ್ಲ. ಇದು ಅನ್ಯಾಯ. ಖನಿಜವಿರುವ ಭೂಮಿಗೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಇಲ್ಲಿಯ ನೆಲ, ನೀರಿಗೇ ಮೀಸಲಾದ ನಿಧಿ ಕಟ್ಟಲು ದಾರಿಯಿದೆ, ಒತ್ತಾಯವಿಲ್ಲ.

ಜನ ಯಾಕೆ ಒತ್ತಾಯಿಸುತ್ತಿಲ್ಲ? ಕೆರೆ ದುರಸ್ತಿಗೆಂದು ಬಂದ ದುಡ್ಡು ಎಲ್ಲಿ ಹೋಯಿತೆಂದು ಅವರಿಗೆ ಕಂಡದ್ದು ಕಡಿಮೆ. ಕೆ.ಸಿ. ವ್ಯಾಲಿ ನೀರಿನ ಅನುಭವವೂ ಹೀಗೇ. 2018ರಲ್ಲಿ ಬೆಂಗಳೂರಿನ ಎರಡು ಹಂತ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬಂದು, ಜುಲೈನಲ್ಲಿ ಕೆರೆಯ ಮೇಲೆ ನೊರೆ ಎದ್ದು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನೀರಿನ ಪರೀಕ್ಷೆಯ ಅಂಕಿ ಪ್ರತಿ ತಿಂಗಳೂ ಪಂಚಾಯಿತಿಯ ಗೋಡೆಯ ಮೇಲೆ ಬರೆದಿದ್ದರೆ ಅನುಮಾನ ಅಷ್ಟು ಬೆಳೆಯುತ್ತಿರಲಿಲ್ಲ.

ಜನರ ನಂಬಿಕೆ ಗಳಿಸಿದ ನಿಧಿಗೂ ಉದಾಹರಣೆಯಿದೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 1984ರಲ್ಲಿ, ಹತ್ತು ಡಾಲರಿನ ಖರೀದಿಗೆ ಒಂದು ಸೆಂಟ್‌ನಂತೆ ಉದ್ಯಾನ ಮತ್ತು ಮಣ್ಣು, ನೀರಿನ ರಕ್ಷಣೆಗೆ ತೆರಿಗೆ ಬೇಕೇ ಎಂದು ಜನರನ್ನೇ ಕೇಳಿದರು. ತೆರಿಗೆಯ ಪ್ರಸ್ತಾವ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಅದಕ್ಕೆ ಅವಧಿಯ ಮಿತಿ ಇದ್ದುದರಿಂದ ಮತ್ತೆ ಮತ್ತೆ ಕೇಳಬೇಕಾಯಿತು. 2016ರಲ್ಲಿ ಸುಮಾರು ಶೇ 80 ಮಂದಿ ಮುಂದುವರಿಸಿ ಎಂದರು. ಮಣ್ಣಿನ ಪಾಲು ಖರ್ಚಾಗುವುದು ರೈತರು ಆರಿಸಿದ ಸ್ಥಳೀಯ ಮಂಡಳಿಗಳ ಮೂಲಕ. ಪಕ್ಕದ ಅಯೋವಾದಲ್ಲಿ 2010ರಲ್ಲಿ ಶೇ 63 ಮಂದಿ ಇಂಥದ್ದೇ ನಿಧಿಗೆ ಮತ ಹಾಕಿದರು. ಶಾಸನಸಭೆ ತೆರಿಗೆ ಏರಿಸಲಿಲ್ಲ, ಹತ್ತು ವರ್ಷ ಕಳೆದರೂ ನಿಧಿ ಬರಿದಾಗಿಯೇ ಇತ್ತು. ಬೆಂಬಲ ಗಳಿಸುವುದು ಒಂದು ಕೆಲಸ, ಹಣ ಬರುವ ದಾರಿಯನ್ನು ಕಾನೂನಿನಲ್ಲಿ ಬರೆಸುವುದು ಇನ್ನೊಂದು. ನಮಗೆ ಎರಡೂ ಬೇಕು. ಇದು ನಮಗೆ ಹೊಸತೂ ಅಲ್ಲ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿತ್ತುವಟ್ಟವೆಂದು ಗದ್ದೆ ಬಿಟ್ಟುಕೊಟ್ಟ ಶಾಸನಗಳು ಈ ಸೀಮೆಯಲ್ಲೇ ನಿಂತಿವೆ. ಯಾವ ಕೆರೆ, ಯಾವ ಗದ್ದೆ, ಯಾರಿಗೆ ಎಂಬುದು ಊರ ನಡುವೆ ಕಲ್ಲಿನಲ್ಲಿ ಎಲ್ಲರಿಗೂ ಕಾಣುವಂತಿತ್ತು.

ದೊಡ್ಡ ಗಣಿ ಯೋಜನೆಗೆ ಪರಿಸರ ಅನುಮತಿ ಸಿಗುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಹೊರಡಬೇಕು. ಉರಿಗಾಂ, ಆಂಡರ್ಸನ್‌ಪೇಟೆ, ಬೇತಮಂಗಲ, ಬಂಗಾರಪೇಟೆಯ ಜನ ಆ ಸಭೆಗೆ ಕೆಲಸದ ಅರ್ಜಿಯ ಜೊತೆಗೆ ನೀರಿನ ಲೆಕ್ಕವನ್ನೂ ಹಿಡಿದು ಹೋಗಬೇಕು. ಅಗೆಯಲು ಬೇಕಾದ ನೀರು ಎಲ್ಲಿಯದು, ಹೊಸ ಕೆಸರಿನ ಕಟ್ಟೆ ಯಾವ ಕೆರೆಯ ಮೇಲ್ಭಾಗದಲ್ಲಿ, ಅಗೆದ ಪ್ರತಿ ಟನ್ನಿಗೆ ಕೆರೆಯ ನಿಧಿಗೆ ಎಷ್ಟು, ಅದರ ಲೆಕ್ಕ ಯಾವ ಗ್ರಾಮಸಭೆಯ ಮುಂದೆ ಎಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿಕೊಂಡೇ ಬರಬೇಕು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಕೇಳಿದರೆ ಕೊಡುವವರು ಯಾರೂ ಇರುವುದಿಲ್ಲ.