ಸಂಕೋಚಕ್ಕೂ ಮದ್ದುಂಟು

ಕಾಯಿಲೆ ಬಿದ್ದಾಗ ವೈದ್ಯರ ಬಳಿಗೆ ಎಲ್ಲರೂ ಹೋಗುತ್ತಾರೆ. ಆದರೆ ಯಾವ ನೋವೂ ಇಲ್ಲದಿರುವಾಗ ತಪಾಸಣೆಗೆ ಬನ್ನಿ ಎಂದರೆ ಬಹಳಷ್ಟು ಮಹಿಳೆಯರು ಹಿಂಜರಿಯುತ್ತಾರೆ. ಕ್ಯಾನ್ಸರಿನ ವಿಷಯದಲ್ಲಿ ಈ ಹಿಂಜರಿಕೆ ಜೀವಕ್ಕೇ ಮುಳುವಾಗಬಲ್ಲದು. ಅಮೆರಿಕದ ಲ್ಯಾಟಿನೋ ಮಹಿಳೆಯರ ಸ್ಥಿತಿ ಇದಕ್ಕೊಂದು ನಿದರ್ಶನ.

ಮೆಕ್ಸಿಕೊ, ಕ್ಯೂಬಾ, ಗ್ವಾಟೆಮಾಲಾ ಮುಂತಾದ ನಾಡುಗಳ ಮೂಲದವರನ್ನು ಲ್ಯಾಟಿನೋಗಳೆನ್ನುತ್ತಾರೆ. 2020ರ ಜನಗಣತಿಯಂತೆ ಅಮೆರಿಕದಲ್ಲಿ ಅವರ ಸಂಖ್ಯೆ 6 ಕೋಟಿ 20 ಲಕ್ಷಕ್ಕೂ ಅಧಿಕ. ಅಲ್ಲಿನ ಬಿಳಿಯ ಮಹಿಳೆಯರಿಗಿಂತ ಇವರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೆಚ್ಚು. ಸ್ತನ ಕ್ಯಾನ್ಸರ್ ಇವರಲ್ಲಿ ಕಡಿಮೆಯಾದರೂ ಅದು ಪತ್ತೆಯಾಗುವುದು ಅನೇಕ ಬಾರಿ ತಡವಾಗಿ.

ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಕಾರಣ ಎಚ್‌ಪಿವಿ ಎಂಬ ವೈರಾಣು. ಸೋಂಕು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಈ ಅವಧಿಯಲ್ಲಿ ಕೆಲವೇ ನಿಮಿಷಗಳ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡರೆ ರೋಗವನ್ನು ಬೇರಿನಲ್ಲೇ ಚಿವುಟಬಹುದು. ಹಾಗಿದ್ದರೂ ಮಹಿಳೆಯರೇಕೆ ಬರುವುದಿಲ್ಲ?

ಅಡ್ಡಿಗಳೇನು?

ಮೊದಲನೆಯದು ಹಣ. ವಿಮೆಯಿಲ್ಲದ ಕೂಲಿ ಹೆಣ್ಣಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಸಂಬಳವೂ ಹೋದಂತೆ. ವಲಸೆ ದಾಖಲೆ ಸರಿಯಿಲ್ಲದವರಿಗೆ ಸರಕಾರಿ ಕಚೇರಿಯ ಹೆಸರೇ ಭಯ. ಇದನ್ನು ಮರೆತು ಎಲ್ಲ ತಪ್ಪನ್ನೂ ಅವರ ಸಂಸ್ಕೃತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎರಡನೆಯದು ಭಾಷೆ. ಇಂಗ್ಲಿಷ್ ಬಾರದ ತಾಯಿ ಶಾಲೆಗೆ ಹೋಗುವ ಮಗನನ್ನು ದುಭಾಷಿಯಾಗಿ ಕರೆದೊಯ್ದರೆ, ತನ್ನ ರಕ್ತಸ್ರಾವದ ವಿಷಯವನ್ನು ಅವನ ಮುಂದೆ ಹೇಗೆ ಹೇಳಿಯಾಳು? ಆದ್ದರಿಂದಲೇ 2010ರ ಆರೋಗ್ಯ ಕಾಯಿದೆಯಡಿ ರೂಪಿಸಿದ ನಿಯಮಗಳು, ತುರ್ತು ಸಂದರ್ಭದ ಹೊರತು ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು ನಿಷೇಧಿಸಿವೆ.

ಮೂರನೆಯದು ಲಜ್ಜೆ ಮತ್ತು ಭೀತಿ. ಪರಪುರುಷನಾದ ವೈದ್ಯನೆದುರು ಮೈ ತೋರಿಸಲು ಮನಸ್ಸೊಪ್ಪದು. ಕ್ಯಾನ್ಸರ್ ಎಂದರೆ ಸಾವೇ ಎಂಬ ನಂಬಿಕೆಯೂ ಇದೆ. ಗಂಡ ಮಕ್ಕಳ ಕೆಲಸ ಮುಗಿದ ಬಳಿಕವೇ ತನ್ನ ಆರೋಗ್ಯ ಎಂದುಕೊಂಡ ತಾಯಿಗೆ ಆ ಬಿಡುವು ಸಿಗುವುದೇ ಇಲ್ಲ.

ಗೆಳತಿಯರ ದಾರಿ

ಇದಕ್ಕೆ ಪರಿಹಾರ ಸಿಕ್ಕಿದ್ದು ನೆರೆಮನೆಯಲ್ಲಿ. 'ಪ್ರೊಮೊತೋರಾ' ಎಂದು ಕರೆಯಲಾಗುವ ಸ್ಥಳೀಯ ಮಹಿಳೆಯರು ತರಬೇತಿ ಪಡೆದು ಮನೆ ಮನೆಗೆ ಹೋಗುತ್ತಾರೆ. ಸ್ಪ್ಯಾನಿಷ್‌ನಲ್ಲೇ ವಿವರಿಸುತ್ತಾರೆ, ಬೇಕಾದರೆ ಜೊತೆಗೆ ಆಸ್ಪತ್ರೆಗೂ ಬರುತ್ತಾರೆ. 'ಅಮಿಗಾಸ್', ಅಂದರೆ 'ಗೆಳತಿಯರು' ಎಂಬ ಕಾರ್ಯಕ್ರಮವನ್ನು ಮೆಕ್ಸಿಕೊ ಮೂಲದ ಮಹಿಳೆಯರ ನಡುವೆ ಪರೀಕ್ಷಿಸಿದಾಗ, ಗೆಳತಿಯ ಮಾತು ಕೇಳಿದವರಲ್ಲಿ ತಪಾಸಣೆ ಮಾಡಿಸಿಕೊಂಡವರು ಗಮನಾರ್ಹವಾಗಿ ಹೆಚ್ಚಿದ್ದರು. 'ಎಸ್ಪೆರಾನ್ಸಾ ಇ ವೀದಾ', ಅಂದರೆ 'ಭರವಸೆ ಮತ್ತು ಬದುಕು' ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಕ್ಯಾನ್ಸರ್ ಗೆದ್ದ ಮಹಿಳೆಯರೇ ತಮ್ಮ ಕಥೆ ಹೇಳುತ್ತಾರೆ. ಮರಣದ ಭೀತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವುದಿದೆ?

ಬಡವರಿಗಾಗಿ 1990ರ ಕಾನೂನಿನಿಂದ ಆರಂಭವಾದ ಕೇಂದ್ರ ಸರಕಾರದ ಯೋಜನೆಯೊಂದು ಉಚಿತ ಇಲ್ಲವೇ ಅಲ್ಪ ದರದ ತಪಾಸಣೆ ಒದಗಿಸುತ್ತಿದೆ. ಆರೋಗ್ಯ ಕೇಂದ್ರದಲ್ಲಿ ಮಹಿಳೆಯೇ ತನ್ನ ಮಾದರಿ ತೆಗೆದುಕೊಡುವ ಎಚ್‌ಪಿವಿ ಪರೀಕ್ಷೆಗೆ 2024ರಲ್ಲಿ, ಮನೆಯಲ್ಲೇ ತೆಗೆಯುವ ಸಾಧನಕ್ಕೆ 2025ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಲಜ್ಜೆಯೂ ಉಳಿಯಿತು, ಜೀವವೂ ಉಳಿಯಿತು.

ಹೆಣ್ಣಿನ ಲಜ್ಜೆಯನ್ನು ಅಜ್ಞಾನವೆಂದು ಗದರಿಸಿದರೆ ಅವಳು ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಅದನ್ನು ಗೌರವಿಸಿ, ಅವಳ ಭಾಷೆಯಲ್ಲಿ ಮಾತಾಡಿದರೆ ಅವಳೇ ಎದ್ದು ಬರುತ್ತಾಳೆ.